ರಾಸ್ಪ್‌ಬೆರಿ ಪೈ 5ಕ್ಕೆ ಡೆಪ್ತ್ ಕ್ಯಾಮೆರಾ: ಐದಾರು ಸೆಕೆಂಡ್ ಓಡಿ ಕಡಿದು ಹೋಗುತ್ತಿದೆ (ಆಲೂಗಡ್ಡೆ ಗ್ರೇಡಿಂಗ್ ಬೆಲ್ಟ್, ಹಾಸನ)

ಆಲೂರು_ಬೆಲ್ಟ್

ಎಲ್ಲರಿಗೂ ನಮಸ್ಕಾರ. ಆಲೂಗಡ್ಡೆಯನ್ನು ಗಾತ್ರ ನೋಡಿ ಮೂರು ಭಾಗ ಮಾಡುವ ಒಂದು ಸಣ್ಣ ಬೆಲ್ಟಿಗೆ ಡೆಪ್ತ್ ಕ್ಯಾಮೆರಾ (ಪ್ರತಿ ಚುಕ್ಕಿಯ ದೂರ ಅಳೆಯುವ ಕ್ಯಾಮೆರಾ) ಕೂರಿಸಬೇಕು. ಮುಂಗಾರಿನ ಗಡ್ಡೆ ಕೀಳುವ ಹೊತ್ತಿಗೆ ಓಡುವಂತಿರಬೇಕು. ಬೆಲ್ಟ್ ಅಗಲ 45 ಸೆಂ.ಮೀ., ವೇಗ ಸೆಕೆಂಡಿಗೆ ಸುಮಾರು 20 ಸೆಂ.ಮೀ. 35 ಮಿ.ಮೀ. ಒಳಗಿನದು ಸಣ್ಣದು, 35ರಿಂದ 55 ಮಧ್ಯಮ, ಅದಕ್ಕಿಂತ ಮೇಲಿನದು ದಪ್ಪ. ಬೆಲ್ಟಿಗೆ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಕಾಂಟ್ಯಾಕ್ಟರ್ (ಮೋಟಾರನ್ನು ಆನ್-ಆಫ್ ಮಾಡುವ ಸ್ವಿಚ್) ಮೂಲಕ.

ಸಾಮಾನು: ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು (4 ಜಿಬಿ), ಅದರ ಆಪರೇಟಿಂಗ್ ಸಿಸ್ಟಮ್ 64 ಬಿಟ್ ಬುಕ್‌ವರ್ಮ್, ರಿಯಲ್‌ಸೆನ್ಸ್ ಡಿ435 ಕ್ಯಾಮೆರಾ, ಪೈ 4ಕ್ಕೆ ತಂದಿದ್ದ 5.1 ವೋಲ್ಟ್ 3 ಆಂಪಿಯರ್ ಅಡಾಪ್ಟರ್. ಬೋರ್ಡು ಗೋಡೆ ಮೇಲಿದೆ, ಕ್ಯಾಮೆರಾ ಬೆಲ್ಟ್ ಮೇಲಿದೆ. ಹಾಗಾಗಿ ನಡುವೆ 3 ಮೀಟರ್ ಟೈಪ್-ಸಿ ಕೇಬಲ್ ಹಾಕಿದೆ.

ಕ್ಯಾಮೆರಾ ನಡೆಸುವ ರಿಯಲ್‌ಸೆನ್ಸ್ ಲೈಬ್ರರಿಯನ್ನು ಸೋರ್ಸ್‌ನಿಂದ ಕಟ್ಟಿಕೊಂಡಿದ್ದಾಯಿತು. ಕ್ಯಾಮೆರಾದ ಹೆಸರು, ಸೀರಿಯಲ್ ನಂಬರು ಎಲ್ಲ ತೋರಿಸುತ್ತದೆ. ಡೆಪ್ತ್ 848×480, ಬಣ್ಣ 640×480, ಎರಡೂ 30 ಫ್ರೇಮಿಗೆ ಕೇಳಿದರೆ ಒಮ್ಮೊಮ್ಮೆ ಶುರುವೇ ಆಗುವುದಿಲ್ಲ. ರೆಸಲ್ಯೂಷನ್ ಇಳಿಸಿದರೆ ಐದಾರು ಸೆಕೆಂಡ್ ಓಡಿ, 5000 ಮಿಲಿ ಸೆಕೆಂಡಿನಲ್ಲಿ ಫ್ರೇಮ್ ಬರಲಿಲ್ಲ ಎಂದು ನಿಲ್ಲುತ್ತದೆ. ಕರ್ನಲ್ ಲಾಗ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್ ಬರೆದಿಡುವ ದಾಖಲೆ) ಯುಎಸ್‌ಬಿ ಡಿಸ್‌ಕನೆಕ್ಟ್, ಅದಕ್ಕೂ ಮುಂಚೆ ಓವರ್-ಕರೆಂಟ್ ಎಂದು ಒಂದು ಸಾಲು. ಇದೇ ಕ್ಯಾಮೆರಾ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಓಡುತ್ತದೆ. ಬೋರ್ಡು ಬದಲಾಯಿಸಬೇಕೋ, ಕ್ಯಾಮೆರಾ ಬದಲಾಯಿಸಬೇಕೋ ತಿಳಿಯುತ್ತಿಲ್ಲ.

ಸಾಲಗಾಮೆ_ರಸ್ತೆ

ಎರಡನ್ನೂ ಬದಲಾಯಿಸಬೇಡಿ. ನಿಮ್ಮ ಬರಹದಲ್ಲೇ ಎರಡು ತಪ್ಪು ಕಾಣುತ್ತಿವೆ: ಅಡಾಪ್ಟರ್ ಒಂದು, ಕೇಬಲ್ ಇನ್ನೊಂದು. ಎರಡೂ ಸೇರಿದಾಗ ಲಕ್ಷಣಗಳು ಕಲಸಿಹೋಗುತ್ತವೆ. ಆದ್ದರಿಂದ ಒಂದೊಂದಾಗಿ ಬಿಡಿಸಿ ನೋಡಿ.

ಮೊದಲು ಅಡಾಪ್ಟರ್. ಪೈ 5 ಬೂಟ್ ಆಗುವಾಗ ಅಡಾಪ್ಟರ್ ಜೊತೆ ಮಾತಾಡಿ, 5 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಕೊಡಬಲ್ಲೆ ಎಂದು ಕೇಳುತ್ತದೆ. 5 ಆಂಪಿಯರ್ ಎಂಬ ಉತ್ತರ ಬಂದರೆ ನಾಲ್ಕೂ ಯುಎಸ್‌ಬಿ ಪೋರ್ಟಿಗೆ ಸೇರಿ 1.6 ಆಂಪಿಯರ್ ಬಿಡುತ್ತದೆ. 3 ಎಂದು ಬಂದರೆ, ನಾಲ್ಕಕ್ಕೂ ಸೇರಿ ಬರೀ 600 ಮಿಲಿ ಆಂಪಿಯರ್. ಡಿ435 ಸುಮ್ಮನೆ ಕೂತಾಗ ಕಡಿಮೆ ಎಳೆಯುತ್ತದೆ, ಅದಕ್ಕೇ ಹೆಸರು, ಸೀರಿಯಲ್ ನಂಬರು ಸಲೀಸಾಗಿ ಬರುತ್ತದೆ. ಸ್ಟ್ರೀಮ್ ಶುರುವಾಗಿ ಇನ್‌ಫ್ರಾರೆಡ್ ಪ್ರೊಜೆಕ್ಟರ್ ಹೊತ್ತಿಕೊಂಡಾಗ 700 ಮಿಲಿ ಆಂಪಿಯರಿನ ಹತ್ತಿರ ಹೋಗುತ್ತದೆ. ಬೋರ್ಡು ಪೋರ್ಟಿನ ಕರೆಂಟ್ ಕಡಿಯುತ್ತದೆ. ನೀವು ನೋಡಿದ ಓವರ್-ಕರೆಂಟ್ ಸಾಲು ಅದೇ. ಲ್ಯಾಪ್‌ಟಾಪಿನ ಯುಎಸ್‌ಬಿ 3 ಪೋರ್ಟ್ ಒಂದೇ 900 ಮಿಲಿ ಆಂಪಿಯರ್ ಕೊಡುತ್ತದಲ್ಲ, ಅಲ್ಲಿ ಓಡುವುದು ಅದಕ್ಕೆ.

ಸರಿಯಾದ ದಾರಿ 27 ವ್ಯಾಟಿನ, ಅಂದರೆ 5.1 ವೋಲ್ಟ್ 5 ಆಂಪಿಯರಿನ ಅಡಾಪ್ಟರ್. ಇಲ್ಲಿ ಬಹಳ ಜನ ಎಡವುತ್ತಾರೆ: 65 ವ್ಯಾಟ್ ಎಂದು ಬರೆದ ಲ್ಯಾಪ್‌ಟಾಪ್ ಚಾರ್ಜರ್ ತಂದು ಹಾಕುತ್ತಾರೆ. ಅದು 20 ವೋಲ್ಟಿನಲ್ಲಿ 65 ವ್ಯಾಟ್. 5 ವೋಲ್ಟಿನಲ್ಲಿ ಅದೂ ಸಾಮಾನ್ಯವಾಗಿ 3 ಆಂಪಿಯರೇ. ಪೈ ದೃಷ್ಟಿಯಲ್ಲಿ ನಿಮ್ಮ ಈಗಿನ ಅಡಾಪ್ಟರಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಚಾರ್ಜರಿನ ಮೇಲೆ ‘5ವಿ – 5ಎ’ ಎಂದು ಬೇರೆಯಾಗಿ ಅಚ್ಚಾಗಿದೆಯೇ ನೋಡಿ ತೆಗೆದುಕೊಳ್ಳಿ.

ಇನ್ನೊಂದು ದಾರಿ 12 ವೋಲ್ಟ್ ಬ್ಯಾಟರಿಯಿಂದ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸಿಕೊಡುವ ಸರ್ಕ್ಯೂಟ್). ಅದು ಮಾತಾಡುವುದಿಲ್ಲವಾದ್ದರಿಂದ ನೀವೇ ಹೇಳಬೇಕು: ಬೂಟ್ ಪಾರ್ಟಿಷನ್ನಿನ ಕಾನ್ಫಿಗ್ ಕಡತದಲ್ಲಿ ‘ಯುಎಸ್‌ಬಿ_ಮ್ಯಾಕ್ಸ್_ಕರೆಂಟ್_ಎನೇಬಲ್=1’ ಎಂದು ಸೇರಿಸಿ ರೀಬೂಟ್ ಮಾಡಿ. ಈ ಸಾಲನ್ನು ಈಗಿನ 3 ಆಂಪಿಯರ್ ಅಡಾಪ್ಟರ್ ಜೊತೆಗೂ ಹಾಕಬಹುದು. ಆದರೆ ಪರೀಕ್ಷೆಗೆ ಮಾತ್ರ. ಪ್ರೊಸೆಸರಿನ ನಾಲ್ಕು ಕೋರೂ ದುಡಿಯುವಾಗ ಕ್ಯಾಮೆರಾ ಸೇರಿ 15 ವ್ಯಾಟಿನ ಅಂಚಿಗೆ ಬರುತ್ತದೆ. ಸೀಸನ್ನಿನಲ್ಲಿ ದಿನವಿಡೀ ಓಡುವ ಯಂತ್ರವನ್ನು ಆ ಅಂಚಿನಲ್ಲಿ ನಿಲ್ಲಿಸಬಾರದು.

ತಂತಿಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕನ್ವರ್ಟರಿನಿಂದ ಬೋರ್ಡಿಗೆ 1 ಮೀಟರ್, ಹೋಗಿ ಬರಲು 2 ಮೀಟರ್ ತಾಮ್ರ. 0.2 ಚದರ ಮಿ.ಮೀ. ತೆಳು ತಂತಿಯಾದರೆ 0.175 ಓಮ್, 3 ಆಂಪಿಯರಿಗೆ ಅರ್ಧ ವೋಲ್ಟ್ ತಂತಿಯಲ್ಲೇ ಹೋಯಿತು. 5.1 ಇದ್ದದ್ದು 4.58ಕ್ಕೆ ಇಳಿಯಿತು. ಪೈ 4.63ರ ಕೆಳಗೆ ಹೋದರೆ ಕಡಿಮೆ ವೋಲ್ಟೇಜ್ ಎಂದು ಕೂಗುತ್ತದೆ. 1 ಚದರ ಮಿ.ಮೀ. ತಂತಿ ಹಾಕಿದರೆ ಅದೇ ನಷ್ಟ 0.1 ವೋಲ್ಟ್.

ಈಗ ಇದನ್ನು ಓಡಿಸಿ ಉತ್ತರ ಹಾಕಿ: ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’. 0ಎಕ್ಸ್0 ಬಂದರೆ ವೋಲ್ಟೇಜ್ ಚೆನ್ನಾಗಿದೆ. ಕೊನೆಯಲ್ಲಿ 1 ಇದ್ದರೆ ಈ ಕ್ಷಣ ಕಡಿಮೆ ಇದೆ. 0ಎಕ್ಸ್50000 ಬಂದರೆ ಈಗ ಸರಿಯಿದೆ, ಆದರೆ ಬೂಟ್ ಆದಮೇಲೆ ಯಾವಾಗಲೋ ವೋಲ್ಟೇಜ್ ಕುಸಿದು ಪ್ರೊಸೆಸರ್ ವೇಗ ಇಳಿಸಿಕೊಂಡಿತ್ತು ಎಂದರ್ಥ. ಜೊತೆಗೆ ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟು, ಕ್ಯಾಮೆರಾ ಸಾಲಿನ ಕೊನೆಯಲ್ಲಿ 5000ಎಂ ಇದೆಯೋ 480ಎಂ ಇದೆಯೋ ಹೇಳಿ.

ಆಲೂರು_ಬೆಲ್ಟ್

ಧನ್ಯವಾದ ಸರ್. ಮೊದಲನೆಯದಕ್ಕೆ 0ಎಕ್ಸ್50000. ಎರಡನೆಯದಕ್ಕೆ 480ಎಂ. ನೀಲಿ ಪೋರ್ಟಿಗೇ ಹಾಕಿದ್ದೇನೆ, ಆದರೂ 480.

ಬೇಲೂರು_ಬಿಟ್ಸ್

480 ಅಂದರೆ ಕ್ಯಾಮೆರಾ ಯುಎಸ್‌ಬಿ 2 ಆಗಿ ಕೂತಿದೆ. ಪೋರ್ಟ್ ನೀಲಿಯಿದ್ದರೂ ಕೇಬಲ್ ಒಳಗೆ ಯುಎಸ್‌ಬಿ 3ರ ಎರಡು ಜೋಡಿ ತಂತಿ ಇಲ್ಲದಿದ್ದರೆ ಹೀಗೇ ಆಗುತ್ತದೆ. ಟೈಪ್-ಸಿ ತುದಿ ನೋಡಿ ಮೋಸಹೋಗಬೇಡಿ. ಮೊಬೈಲ್ ಅಂಗಡಿಯಲ್ಲಿ ಸಿಗುವ ಉದ್ದದ ಟೈಪ್-ಸಿ ಕೇಬಲ್‌ಗಳಲ್ಲಿ ಹೆಚ್ಚಿನವು ಚಾರ್ಜಿಂಗಿಗೆ ಮಾಡಿದವು, ಡೇಟಾ ಯುಎಸ್‌ಬಿ 2 ಮಾತ್ರ. ಕ್ಯಾಮೆರಾ ಜೊತೆಗೆ ಬಂದ 1 ಮೀಟರ್ ಕೇಬಲ್ ಹಾಕಿ ನೋಡಿ. ಹಾಕುವಾಗ ಒಂದೇ ಬಾರಿಗೆ, ಬೇಗ ಒತ್ತಿ. ಟೈಪ್-ಎ ಕನೆಕ್ಟರಿನಲ್ಲಿ ಯುಎಸ್‌ಬಿ 2ರ ಪಿನ್ನುಗಳು ಮುಂದೆ, 3ರವು ಹಿಂದೆ. ನಿಧಾನಕ್ಕೆ ತಳ್ಳಿದರೆ ಮುಂದಿನವು ಮೊದಲು ತಾಗಿ, ಕ್ಯಾಮೆರಾ ಯುಎಸ್‌ಬಿ 2 ಎಂದು ದಾಖಲಾಗಿಬಿಡುತ್ತದೆ. ಕಿತ್ತು ಮತ್ತೆ ಹಾಕಿದರೆ 5000 ಆಗುತ್ತದೆ.

ಈಗ ನೀವು ಕೇಳಿದ ಸ್ಟ್ರೀಮ್ ಯಾಕೆ ಶುರುವಾಗಲಿಲ್ಲ ಎಂಬ ಲೆಕ್ಕ. ಡೆಪ್ತ್ ಒಂದು ಪಿಕ್ಸೆಲ್‌ಗೆ 2 ಬೈಟ್. 848 × 480 × 2 × 30 = ಸೆಕೆಂಡಿಗೆ 24.4 ಎಂಬಿ. ಬಣ್ಣವೂ ಪಿಕ್ಸೆಲ್‌ಗೆ 2 ಬೈಟ್: 640 × 480 × 2 × 30 = 18.4 ಎಂಬಿ. ಒಟ್ಟು ಸುಮಾರು 43 ಎಂಬಿ. ಯುಎಸ್‌ಬಿ 2 ಕಾಗದದ ಮೇಲೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 35ರಿಂದ 40. ಹಿಡಿಸುವುದಿಲ್ಲ. ಆದ್ದರಿಂದ ಯುಎಸ್‌ಬಿ 2ರಲ್ಲಿ ಕೂತಾಗ ಕ್ಯಾಮೆರಾವೇ ದೊಡ್ಡ ಮೋಡ್‌ಗಳನ್ನು ಪಟ್ಟಿಯಿಂದ ತೆಗೆದುಬಿಡುತ್ತದೆ. 848×480ಕ್ಕೆ 30 ಕೇಳಿದರೆ ಅಂಥ ಮೋಡ್ ಇಲ್ಲ ಎನ್ನುತ್ತದೆ, 640×480ಕ್ಕೆ 15 ಕೇಳಿದರೆ ಕೊಡುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು: ನಿಮಗೆ ಅಷ್ಟು ಬೇಕೇ? ಕ್ಯಾಮೆರಾ ಬೆಲ್ಟಿನಿಂದ 35 ಸೆಂ.ಮೀ. ಎತ್ತರದಲ್ಲಿದ್ದರೆ ಬೆಲ್ಟ್ ಓಡುವ ದಿಕ್ಕಿನಲ್ಲಿ ಸುಮಾರು 39 ಸೆಂ.ಮೀ. ಕಾಣುತ್ತದೆ. ಸೆಕೆಂಡಿಗೆ 20 ಸೆಂ.ಮೀ. ವೇಗಕ್ಕೆ ಒಂದು ಗಡ್ಡೆ ಸುಮಾರು 2 ಸೆಕೆಂಡ್ ಕಣ್ಣೆದುರಿಗಿರುತ್ತದೆ. 15 ಫ್ರೇಮಿನಲ್ಲಿ ಅದೇ ಗಡ್ಡೆ 29 ಸಲ ಸಿಕ್ಕಿತು. 6 ಫ್ರೇಮ್ ಇಟ್ಟರೂ 11 ಸಲ. ಗಾತ್ರ ಅಳೆಯಲು ಬಣ್ಣ ಬೇಕಿಲ್ಲ. ಬಣ್ಣದ ಸ್ಟ್ರೀಮ್ ಪೂರ್ತಿ ತೆಗೆದುಬಿಡಿ. ಡೆಪ್ತ್ 848×480, 15 ಫ್ರೇಮ್ ಅಂದರೆ 12 ಎಂಬಿ. ಪ್ರೊಸೆಸರ್ ತಣ್ಣಗಿರುತ್ತದೆ, ಕೇಬಲಿಗೂ ಹಗುರ. ಡಿ435ರಲ್ಲಿ ಬಣ್ಣದ ಸೆನ್ಸರ್ ರೋಲಿಂಗ್ ಷಟರ್, ಸಾಲು ಸಾಲಾಗಿ ಓದುತ್ತದೆ, ಓಡುವ ಗಡ್ಡೆ ಓರೆಯಾಗಿ ಬರುತ್ತದೆ. ಡೆಪ್ತ್ ಲೆಕ್ಕ ಹಾಕುವ ಎರಡು ಇನ್‌ಫ್ರಾರೆಡ್ ಸೆನ್ಸರ್ ಗ್ಲೋಬಲ್ ಷಟರ್, ಇಡೀ ಚಿತ್ರ ಒಂದೇ ಕ್ಷಣದ್ದು. ಸಿಪ್ಪೆಯ ಹಸಿರು, ಕೊಳೆ ಗುರುತಿಸುವ ಆಸೆ ಮುಂದೆ ಬಂದರೆ ಆಗ ಬಣ್ಣದ ವಿಚಾರ ನೋಡೋಣ.

3 ಮೀಟರ್ ದೂರ ಬಿಡಿ. ಬೋರ್ಡನ್ನೇ ಡಬ್ಬದಲ್ಲಿಟ್ಟು ಕ್ಯಾಮೆರಾ ಪಕ್ಕ ಕೂರಿಸಿ, 1 ಮೀಟರ್ ಕೇಬಲಿನಲ್ಲಿ ಮುಗಿಸಿ. ದೂರ ಕ್ರಮಿಸಬೇಕಾದ್ದು ಈಥರ್‌ನೆಟ್ ತಂತಿ. ಅದು 100 ಮೀಟರ್ ಹೋಗುತ್ತದೆ. ದೂರಕ್ಕೆ ಯುಎಸ್‌ಬಿಯೇ ಬೇಕೆಂದರೆ ಒಳಗೆ ಚಿಪ್ ಇರುವ ಆಕ್ಟಿವ್ ಕೇಬಲ್ ಬೇಕು, ಹಾಸನದಲ್ಲಿ ಹುಡುಕುವ ಬದಲು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿ. ವೈಫೈ ಇಟ್ಟುಕೊಂಡರೆ 5 ಗಿಗಾಹರ್ಟ್ಸ್‌ಗೆ ಹಾಕಿ. ಯುಎಸ್‌ಬಿ 3ರ ಸಂಕೇತ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಕ್ಯಾಮೆರಾ ಆನ್ ಮಾಡಿದಾಗ ವೈಫೈ ಬಿದ್ದುಹೋಗುತ್ತದೆ ಎಂಬ ದೂರಿಗೆ ಬಹಳ ಸಲ ಕಾರಣ ಇದೇ.

ಅಂದಹಾಗೆ, ಲೈಬ್ರರಿ ಕಟ್ಟುವಾಗ ಯಾವ ಬ್ಯಾಕೆಂಡ್, ಅಂದರೆ ಕ್ಯಾಮೆರಾ ಜೊತೆ ಮಾತಾಡುವ ಯಾವ ದಾರಿ, ಆಯ್ದುಕೊಂಡಿರಿ?

ಆಲೂರು_ಬೆಲ್ಟ್

ಬ್ಯಾಕೆಂಡ್ ಆಯ್ಕೆ ಮಾಡಿದ ನೆನಪಿಲ್ಲ. ಸಿಮೇಕ್ ಕೊಟ್ಟು ಮೇಕ್ ಕೊಟ್ಟೆ ಅಷ್ಟೇ. ‘-ಜೆ4’ ಕೊಟ್ಟಾಗ ಒಮ್ಮೆ ಬೋರ್ಡು ಪೂರ್ತಿ ಹೆಪ್ಪುಗಟ್ಟಿತು. ಪೈಥಾನ್‌ನಲ್ಲಿ ಇಂಪೋರ್ಟ್ ಕೂಡ ಆಗುತ್ತಿಲ್ಲ. ರಿಯಲ್‌ಸೆನ್ಸ್ ವ್ಯೂವರ್ ಎಂಬ ಚಿತ್ರ ತೋರಿಸುವ ಪ್ರೋಗ್ರಾಂನಲ್ಲೇ ನೋಡುತ್ತಿದ್ದೇನೆ.

ಬೇಲೂರು_ಬಿಟ್ಸ್

ಹಾಗಿದ್ದರೆ ಇನ್ನೊಮ್ಮೆ ಕಟ್ಟಿ. ಮಾಮೂಲಿ ಬ್ಯಾಕೆಂಡಿಗೆ ಕರ್ನಲ್‌ನ ವಿಡಿಯೋ ಡ್ರೈವರಿಗೆ ತೇಪೆ ಹಾಕಬೇಕು. ಪೈ ಕರ್ನಲ್ ಪ್ರತಿ ಅಪ್‌ಡೇಟಿಗೂ ಬದಲಾಗುವುದರಿಂದ ಆ ದಾರಿ ಕಷ್ಟ. ‘-ಡಿ ಫೋರ್ಸ್_ಆರ್‌ಎಸ್‌ಯುಎಸ್‌ಬಿ_ಬ್ಯಾಕೆಂಡ್=ಆನ್’ ಕೊಟ್ಟರೆ ಲೈಬ್ರರಿ ಕರ್ನಲ್ ಡ್ರೈವರನ್ನು ಬಿಟ್ಟು ಲಿಬ್‌ಯುಎಸ್‌ಬಿ ಮೂಲಕ ನೇರವಾಗಿ ಕ್ಯಾಮೆರಾ ಜೊತೆ ಮಾತಾಡುತ್ತದೆ. ಪ್ರೊಸೆಸರ್ ಕೆಲಸ ಸ್ವಲ್ಪ ಜಾಸ್ತಿ, ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇದ್ದರೆ ಒಳ್ಳೆಯ ಆಯ್ಕೆ ಅಲ್ಲ. ಒಂದೇ ಕ್ಯಾಮೆರಾಗೆ ಇದೇ ಸಾಕು.

ಮೊದಲು ಕ್ಯಾಮೆರಾ ಕಿತ್ತಿಡಿ. ಬಿಲ್ಡ್-ಎಸೆನ್ಷಿಯಲ್, ಸಿಮೇಕ್, ಗಿಟ್, ಪಿಕೆಜಿ-ಕಾನ್ಫಿಗ್, ಲಿಬ್‌ಯುಎಸ್‌ಬಿ 1.0, ಲಿಬ್‌ಎಸ್‌ಎಸ್‌ಎಲ್, ಲಿಬ್‌ಯುಡೆವ್ ಇವುಗಳ ಡೆವ್ ಪ್ಯಾಕೇಜ್ ಹಾಕಿಕೊಳ್ಳಿ. ವ್ಯೂವರ್ ಬೇಕಿದ್ದರೆ ಮಾತ್ರ ಜಿಟಿಕೆ, ಜಿಎಲ್‌ಎಫ್‌ಡಬ್ಲ್ಯು, ಮೆಸಾ. ಬೆಲ್ಟ್ ಮೇಲಿನ ಬೋರ್ಡಿಗೆ ವ್ಯೂವರ್ ಬೇಡ, ‘-ಡಿ ಬಿಲ್ಡ್_ಗ್ರಾಫಿಕಲ್_ಎಕ್ಸಾಂಪಲ್ಸ್=ಆಫ್’ ಕೊಟ್ಟರೆ ಕಟ್ಟುವ ಹೊತ್ತೂ ಉಳಿಯುತ್ತದೆ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಕಾರ್ಡಿನ ಜಾಗ) 2048 ಎಂಬಿ ಮಾಡಿ, ‘ಮೇಕ್ -ಜೆ2’ ಕೊಡಿ. 4 ಜಿಬಿಯಲ್ಲಿ ನಾಲ್ಕು ಕಂಪೈಲರ್ ಒಟ್ಟಿಗೆ ಓಡಿದರೆ, ಅದರಲ್ಲೂ ಪೈಥಾನ್ ಬೈಂಡಿಂಗ್ (ಪೈಥಾನ್‌ನಿಂದ ಲೈಬ್ರರಿ ಬಳಸಲು ಬೇಕಾದ ಕೊಂಡಿ) ಬರುವ ಹೊತ್ತಿಗೆ, ಮೆಮೊರಿ ತುಂಬಿ ನೀವು ನೋಡಿದಂತೆಯೇ ನಿಂತುಬಿಡುತ್ತದೆ.

ಪೈಥಾನ್ ವಿಚಾರ: ಬುಕ್‌ವರ್ಮ್ ಸಿಸ್ಟಮ್ ಪೈಥಾನಿಗೆ ನೇರವಾಗಿ ಪಿಪ್ ಮಾಡಲು ಬಿಡುವುದಿಲ್ಲ. ಒಂದು ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ, ‘-ಡಿ ಬಿಲ್ಡ್_ಪೈಥಾನ್_ಬೈಂಡಿಂಗ್ಸ್=ಆನ್’ ಜೊತೆಗೆ ಆ ಎನ್ವಿರಾನ್ಮೆಂಟಿನ ಪೈಥಾನ್ ದಾರಿಯನ್ನೇ ‘ಪೈಥಾನ್_ಎಕ್ಸಿಕ್ಯೂಟಬಲ್’ ಆಗಿ ಕೊಡಿ. ಕಟ್ಟಿಯಾದ ಮೇಲೆ ಬರುವ ‘.ಎಸ್ಒ’ ಕಡತಗಳನ್ನು ಆ ಎನ್ವಿರಾನ್ಮೆಂಟಿನ ಸೈಟ್-ಪ್ಯಾಕೇಜಸ್ ಒಳಗೆ ನಕಲು ಮಾಡಿ. ನಿಮ್ಮ ಇಂಪೋರ್ಟ್ ಆಗದಿರಲು ಕಾರಣ ಬೈಂಡಿಂಗ್ ಕಟ್ಟೇ ಇಲ್ಲದಿರುವುದು. ಕಟ್ಟಿದ್ದರೂ ಬೇರೆ ಕಡೆ ಕೂತಿದ್ದರೆ ಇದೇ ಫಲ.

ಯಾವ ಸಾಧನವನ್ನು ಯಾರು ಬಳಸಬಹುದೆಂದು ಹೇಳುವ ಯುಡೆವ್ ನಿಯಮದ ಕಡತ (‘99-ರಿಯಲ್‌ಸೆನ್ಸ್-ಲಿಬ್‌ಯುಎಸ್‌ಬಿ’) ಸೋರ್ಸ್‌ನ ಕಾನ್ಫಿಗ್ ಫೋಲ್ಡರಿನಲ್ಲಿದೆ. ಅದನ್ನು ‘ಇಟಿಸಿ’ ಒಳಗಿನ ಯುಡೆವ್ ನಿಯಮಗಳ ಜಾಗಕ್ಕೆ ಹಾಕಿ ರೀಲೋಡ್ ಮಾಡಿ. ಮರೆತರೆ ಸುಡೋ ಇದ್ದಾಗ ಮಾತ್ರ ಕ್ಯಾಮೆರಾ ಕಾಣುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕೆನಿಸಿದರೆ ಹೊಸ ಅಡಾಪ್ಟರ್, ಹೊಸ ಕೇಬಲ್ ಬಂದ ಮೇಲೆ ಮಾಡಿ. ಅರ್ಧದಲ್ಲಿ ಕರೆಂಟ್ ಕಡಿದರೆ ರಿಕವರಿ ಮೋಡಿನಿಂದ ಎಬ್ಬಿಸುವ ಕೆಲಸ ಬೇರೆ.

ಪ್ರೋಗ್ರಾಂ ಶುರುವಾದಾಗ ಮೊದಲ 30 ಫ್ರೇಮ್ ಬಿಸಾಡಿ, ಎಕ್ಸ್‌ಪೋಷರ್ ಹಿಡಿತಕ್ಕೆ ಬರಲು ಅಷ್ಟು ಬೇಕು. ಫ್ರೇಮ್ ಬರದೆ ದೋಷ ಎಸೆದಾಗ ಪ್ರೋಗ್ರಾಂ ಸಾಯದ ಹಾಗೆ ನೋಡಿಕೊಳ್ಳಿ: ಪೈಪ್‌ಲೈನ್ ನಿಲ್ಲಿಸಿ, ಹಾರ್ಡ್‌ವೇರ್ ರೀಸೆಟ್ ಕೊಟ್ಟು, ಐದಾರು ಸೆಕೆಂಡ್ ಕಾದು, ಸಾಧನವನ್ನು ಮೊದಲಿನಿಂದ ಹುಡುಕಿ ಮತ್ತೆ ಶುರುಮಾಡಿ. ರೀಸೆಟ್ ಆದಮೇಲೆ ಹಳೆಯ ಸಾಧನದ ಆಬ್ಜೆಕ್ಟ್ ಬಳಸಿದರೆ ಮತ್ತೆ ಅದೇ ದೋಷ.

ಅರಕಲಗೂಡು_ವೈರಿಂಗ್

ಮೋಟಾರಿನ ಬಗ್ಗೆ ಯಾರೂ ಮಾತಾಡಿಲ್ಲ. ಅಡಾಪ್ಟರ್, ಕೇಬಲ್ ಎರಡೂ ಸರಿಯಾದ ಮೇಲೂ ಬೆಲ್ಟ್ ಆನ್-ಆಫ್ ಮಾಡಿದ ಕ್ಷಣಕ್ಕೆ ಕ್ಯಾಮೆರಾ ಕಡಿದರೆ ಅದು ಕಾಂಟ್ಯಾಕ್ಟರಿನ ಕಿಡಿ. ಲಾಗ್‌ನಲ್ಲಿ ಓವರ್-ಕರೆಂಟ್ ಇರುವುದಿಲ್ಲ, ಬದಲಿಗೆ ‘ಎರರ್ -71’ ಬರುತ್ತದೆ. ಅಂದರೆ ತಂತಿಯ ಮೇಲೆ ಬಂದ ಮಾತು ಅರ್ಥವಾಗಲಿಲ್ಲ ಎಂದು. ಕಾಂಟ್ಯಾಕ್ಟರ್ ಕಾಯಿಲಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪ್ಯಾಸಿಟರ್ ಮತ್ತು 100 ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ. ಎಕ್ಸ್2 ಎಂದು ಅಚ್ಚಾದದ್ದೇ ಆಗಬೇಕು, ಮೇನ್ಸ್‌ಗೆ ಅಡ್ಡಲಾಗಿ ಬೇರೆ ಕೆಪ್ಯಾಸಿಟರ್ ಹಾಕಿದರೆ ಬೆಂಕಿ ಹತ್ತುವ ಅಪಾಯವಿದೆ. ಯುಎಸ್‌ಬಿ ಕೇಬಲ್ ಮೋಟಾರ್ ತಂತಿಯಿಂದ ಒಂದಡಿ ದೂರ ಇರಲಿ, ದಾಟಲೇಬೇಕಾದರೆ ಅಡ್ಡ ದಾಟಲಿ, ಜೊತೆಗೂಡಿ ಓಡಬಾರದು. ಎರಡೂ ತುದಿಗೆ ಫೆರೈಟ್ ಕ್ಲಿಪ್ ಹಾಕಿ. ಬೆಲ್ಟಿನ ಚೌಕಟ್ಟಿಗೆ ಅರ್ಥಿಂಗ್ ಗಟ್ಟಿಯಿರಲಿ: ಒಣ ರಬ್ಬರ್ ಬೆಲ್ಟ್ ಉಜ್ಜಿ ಸ್ಟ್ಯಾಟಿಕ್ ಹುಟ್ಟುತ್ತದೆ, ಅದು ಕ್ಯಾಮೆರಾದ ಲೋಹದ ಮೈ ಮೂಲಕ ಇಳಿಯಲು ನೋಡುತ್ತದೆ.

ಮೋಟಾರ್ ಶುರುವಾಗುವಾಗ ಲೈನ್ ವೋಲ್ಟೇಜ್ ಬೀಳುವ ಕಡೆ ಬೋರ್ಡಿಗೆ ಬೇರೆ ಸಣ್ಣ ಯುಪಿಎಸ್ ಇಡಿ. ಪಕ್ಕದಲ್ಲೇ ಬೋರ್‌ವೆಲ್ ಪಂಪ್ ಇದ್ದರಂತೂ ಖಂಡಿತ.

ಮೂಡಿಗೆರೆ_ಮಳೆ

ವಿದ್ಯುತ್ ಮುಗಿಯಿತು ಅಂದುಕೊಂಡು ಬೆಳಕಿನ ಕಡೆ ಬರುತ್ತೇನೆ. ಬೆಲ್ಟ್ ಓಡಲು ಶುರುವಾದ ಮೇಲೆ ನಿಮ್ಮನ್ನು ನಿಜವಾಗಿ ಕಾಡುವುದು ಇದು.

ಡಿ435 ಎರಡು ಕಣ್ಣಿನ ಕ್ಯಾಮೆರಾ. ಕಣ್ಣುಗಳ ನಡುವೆ 50 ಮಿ.ಮೀ. 848×480ರಲ್ಲಿ ಫೋಕಲ್ ದೂರ ಸುಮಾರು 430 ಪಿಕ್ಸೆಲ್. (ನಿಮ್ಮ ಕ್ಯಾಮೆರಾದ್ದು ಕೊಂಚ ಆಚೀಚೆ ಇರುತ್ತದೆ, ಲೈಬ್ರರಿಗೆ ಇಂಟ್ರಿನ್ಸಿಕ್ಸ್, ಅಂದರೆ ಲೆನ್ಸಿನ ಅಳತೆಗಳು, ಕೇಳಿ ಅದನ್ನೇ ಬಳಸಿ.) ದೂರದ ತಪ್ಪು ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ಮಿ.ಮೀ. ದೂರದ ವರ್ಗವನ್ನು 0.08ರಿಂದ (ಎರಡು ಚಿತ್ರ ಹೊಂದಿಸುವಾಗಿನ ತಪ್ಪು, ಪಿಕ್ಸೆಲ್‌ನಲ್ಲಿ) ಗುಣಿಸಿ, 430 × 50ರಿಂದ ಭಾಗಿಸಿ. 35 ಸೆಂ.ಮೀ.ಗೆ ಅರ್ಧ ಮಿಲಿಮೀಟರಿನ ಆಸುಪಾಸು, 1 ಮೀಟರಿಗೆ 3.7 ಮಿ.ಮೀ., 2 ಮೀಟರಿಗೆ 15 ಮಿ.ಮೀ. ಆದ್ದರಿಂದ ಕ್ಯಾಮೆರಾವನ್ನು ಛಾವಣಿಗೆ ಕಟ್ಟಬೇಡಿ, ಎಷ್ಟು ತಗ್ಗಿಸಲಾಗುತ್ತದೋ ಅಷ್ಟು ತಗ್ಗಿಸಿ. ಕೆಳಮಿತಿಯೂ ಇದೆ. 848ರಲ್ಲಿ ಸುಮಾರು 17 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ, 1280×720ಕ್ಕೆ ಹೋದರೆ ಅದು 28ಕ್ಕೆ ಏರುತ್ತದೆ. 35 ಸೆಂ.ಮೀ. ನಿಮ್ಮ ಬೆಲ್ಟಿಗೆ ಹೇಳಿಮಾಡಿಸಿದ ಎತ್ತರ. ಅಲ್ಲಿ ಒಂದು ಪಿಕ್ಸೆಲ್ 0.81 ಮಿ.ಮೀ., ಅಡ್ಡಕ್ಕೆ 69 ಸೆಂ.ಮೀ. ಕಾಣುತ್ತದೆ. ಇದರಲ್ಲಿ ಎಡತುದಿಯ ಸುಮಾರು 60 ಪಿಕ್ಸೆಲ್ ಬಲಗಣ್ಣಿಗೆ ಕಾಣದ ಜಾಗ, ಯಾವಾಗಲೂ ಖಾಲಿ. ಅಂದರೆ 5 ಸೆಂ.ಮೀ. ಕಳೆದರೂ 64 ಉಳಿಯಿತು, 45ರ ಬೆಲ್ಟ್ ಆರಾಮವಾಗಿ ಕೂರುತ್ತದೆ. ಬೆಲ್ಟನ್ನು ಚಿತ್ರದ ಮಧ್ಯಕ್ಕೆ ತರಲು ಒದ್ದಾಡುವ ಬದಲು ಸ್ವಲ್ಪ ಬಲಕ್ಕೆ ತಳ್ಳಿ.

ಪ್ರತಿ ಗಡ್ಡೆಯ ಎಡಕ್ಕೂ ಇಂಥದೇ ಒಂದು ಕಪ್ಪು ನೆರಳು ಬೀಳುತ್ತದೆ. 5 ಸೆಂ.ಮೀ. ಎತ್ತರದ ಗಡ್ಡೆಗೆ ಸುಮಾರು 10 ಪಿಕ್ಸೆಲ್. ಆ ತೂತು ಗಡ್ಡೆಯದಲ್ಲ, ಬೆಲ್ಟಿನದು. ತೂತು ತುಂಬುವ ಫಿಲ್ಟರನ್ನು ಹತ್ತಿರದ ಬೆಲೆಯಿಂದ ತುಂಬುವ ಮೋಡಿನಲ್ಲಿ ಇಟ್ಟರೆ ಪ್ರತಿ ಗಡ್ಡೆಯೂ ಏಳೆಂಟು ಮಿ.ಮೀ. ಊದಿಕೊಂಡು ಮಧ್ಯಮ ಎಲ್ಲ ದಪ್ಪದ ಬುಟ್ಟಿಗೆ ಹೋಗುತ್ತದೆ. ಆ ಫಿಲ್ಟರ್ ಬೇಡ, ಖಾಲಿ ಪಿಕ್ಸೆಲ್ ಎಲ್ಲ ಬೆಲ್ಟ್ ಎಂದೇ ಎಣಿಸಿ. ಟೆಂಪೊರಲ್ ಫಿಲ್ಟರೂ ಬೇಡ. ಅದು ಹಿಂದಿನ ಫ್ರೇಮುಗಳನ್ನು ಬೆರೆಸುತ್ತದೆ, ಓಡುವ ಗಡ್ಡೆಗೆ ಬಾಲ ಬೆಳೆಯುತ್ತದೆ. ಅದು ಒಳ್ಳೆಯದಾಗುವುದು ಕಾಫಿ ಕಣದಂಥ ಕಡೆ: ಹರವಿದ ಬೀಜ ಅಲುಗಾಡುವುದಿಲ್ಲ, ಒಂದೂವರೆ ಮೀಟರ್ ಮೇಲಿನಿಂದ 8 ಮಿ.ಮೀ. ಇದ್ದ ಗದ್ದಲ ಫ್ರೇಮುಗಳನ್ನು ಸರಾಸರಿ ಮಾಡಿದಂತೆ ಇಳಿಯುತ್ತದೆ, ನಾಲ್ಕೈದು ಸೆಂ.ಮೀ. ಪದರದ ದಪ್ಪ ನೋಡಬಹುದು.

ಅಳತೆಯಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಮೇಲಿನಿಂದ ನೋಡಿದಾಗ ಗಡ್ಡೆಯ ಅಂಚು ಕಾಣುವುದು ಅದರ ನಡು ಎತ್ತರದಲ್ಲಿ, ಬೆಲ್ಟಿನ ಮಟ್ಟದಲ್ಲಲ್ಲ. 50 ಮಿ.ಮೀ. ಗಡ್ಡೆಯ ನಡು ಕ್ಯಾಮೆರಾದಿಂದ 325 ಮಿ.ಮೀ. ದೂರ, ಅಲ್ಲಿ ಒಂದು ಪಿಕ್ಸೆಲ್ 0.756 ಮಿ.ಮೀ. ಬೆಲ್ಟಿನ 0.81 ಹಾಕಿ ಗುಣಿಸಿದರೆ 50 ಇದ್ದದ್ದು 54 ಆಗುತ್ತದೆ. 55ರ ಗೆರೆಯ ಪಕ್ಕದ ಗಡ್ಡೆಗಳೆಲ್ಲ ತಪ್ಪು ಬುಟ್ಟಿಗೆ ಹೋದವು. ಗಡ್ಡೆಯ ತುದಿಯ ಎತ್ತರ ತೆಗೆದು, ಅದರ ಅರ್ಧ ಎತ್ತರದ ದೂರವನ್ನು ಅಳತೆಗೆ ಬಳಸಿ. ಅದಕ್ಕೆ ಮುಂಚೆ ಖಾಲಿ ಬೆಲ್ಟಿನ 50 ಫ್ರೇಮ್ ತೆಗೆದು ಒಂದು ಸಮತಲ ಹೊಂದಿಸಿಟ್ಟುಕೊಳ್ಳಿ. ಎತ್ತರವನ್ನು ಆ ಸಮತಲದಿಂದ ಅಳೆಯಿರಿ, ಕ್ಯಾಮೆರಾ ಒಂದೆರಡು ಡಿಗ್ರಿ ಓರೆಯಿದ್ದರೂ ಆಗ ಸರಿಹೋಗುತ್ತದೆ. 8 ಮಿ.ಮೀ.ಗಿಂತ ಮೇಲೆ ಬಂದದ್ದು ಗಡ್ಡೆ, ಕೆಳಗಿನದು ಮಣ್ಣು ಮತ್ತು ಬೆಲ್ಟಿನ ಕುಣಿತ. ಒಂದೇ ಫ್ರೇಮಿನ ಅಳತೆ ನಂಬಬೇಡಿ. ಗಡ್ಡೆ ದಾಟಿಹೋಗುವವರೆಗಿನ ಎಲ್ಲ ಅಳತೆಗಳ ಮಧ್ಯಾಂಕ ತೆಗೆದು, ಗೆರೆ ದಾಟಿದಾಗ ಒಂದೇ ಸಲ ಎಣಿಸಿ.

ಎಕ್ಸ್‌ಪೋಷರ್ ಆಟೋದಲ್ಲಿ ಬಿಡಬೇಡಿ. ಮಾಮೂಲಿ 8500 ಮೈಕ್ರೋಸೆಕೆಂಡಿನಲ್ಲಿ ಗಡ್ಡೆ 1.7 ಮಿ.ಮೀ. ಸರಿದುಹೋಗಿರುತ್ತದೆ. 2500ಕ್ಕೆ ಇಳಿಸಿದರೆ ಅರ್ಧ ಮಿ.ಮೀ. ಕತ್ತಲಾದಷ್ಟು ಬೆಳಕು ಕೊಡಿ: ಡಿ435ರ ಎರಡು ಕಣ್ಣಿಗೂ ಮಾಮೂಲಿ ಬೆಳಕೂ ಕಾಣುವುದರಿಂದ 12 ವೋಲ್ಟ್ ಡಿಸಿ ಎಲ್‌ಇಡಿ ಪಟ್ಟಿ ಸಾಕು. ಮೇನ್ಸ್‌ಗೆ ನೇರ ಹಾಕುವ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಇಷ್ಟು ಚಿಕ್ಕ ಎಕ್ಸ್‌ಪೋಷರಿಗೆ ಒಂದು ಫ್ರೇಮ್ ಬೆಳ್ಳಗೆ, ಒಂದು ಫ್ರೇಮ್ ಮಂಕು. ಶೆಡ್ಡಿನ ಛಾವಣಿಯಲ್ಲಿ ಬೆಳಕಿನ ಶೀಟ್ ಇದ್ದರೆ ಬಿಸಿಲಿನ ಚೌಕ ಬೆಲ್ಟ್ ಮೇಲೆ ನಡೆಯದಂತೆ ಕ್ಯಾಮೆರಾ ಸುತ್ತ ಒಂದು ಗೂಡು ಕಟ್ಟಿ.

ಗಡ್ಡೆಯ ಮೇಲಿನ ಮಣ್ಣು ನಿಮ್ಮ ಮಿತ್ರ, ಎರಡು ಕಣ್ಣಿಗೂ ಹೊಂದಿಸಿಕೊಳ್ಳಲು ಗುರುತು ಸಿಗುತ್ತದೆ. ತೊಳೆದ ಒದ್ದೆ ಗಡ್ಡೆ ಹೊಳೆದು ಅಲ್ಲಲ್ಲಿ ತೂತು ಬೀಳುತ್ತದೆ. ಬೆಲ್ಟ್ ನುಣುಪು ಕರಿ ರಬ್ಬರ್ ಆಗಿದ್ದರೆ ಪ್ರೊಜೆಕ್ಟರಿನ ಚುಕ್ಕಿಗಳನ್ನು ನುಂಗಿಬಿಡುತ್ತದೆ, ಲೇಸರ್ ಪವರನ್ನು 150ರಿಂದ ಮೇಲಕ್ಕೆ ಏರಿಸಿ ನೋಡಿ, ಆಗದಿದ್ದರೆ ಒರಟು ಮೈಯ ಬೂದು ಅಥವಾ ಹಸಿರು ಪಿವಿಸಿ ಬೆಲ್ಟ್.

ಕೊನೆಗೆ ಡಬ್ಬ. ಧೂಳಿಗೆಂದು ಮುಂದೆ ಗಾಜು ಹಾಕಿದರೆ ಪ್ರೊಜೆಕ್ಟರಿನ ಬೆಳಕು ಗಾಜಿನೊಳಗೇ ತಿರುಗಿ ಕಣ್ಣಿಗೆ ಬೀಳುತ್ತದೆ. ಗಾಜನ್ನು ಕ್ಯಾಮೆರಾ ಮುಖಕ್ಕೆ ತಾಗಿಸಿ, ಪ್ರೊಜೆಕ್ಟರಿಗೂ ಕಣ್ಣುಗಳಿಗೂ ನಡುವೆ ಕಪ್ಪು ಫೋಮ್ ತಡೆ ಇಡಿ. ಮಲೆನಾಡಿನ ಮಳೆಗಾಲಕ್ಕೆ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ಬಿಸಿಮಾಡಿ ಒಣಗಿಸಿಡಿ. ಲೆನ್ಸಿನ ಮೇಲೆ ಬೂಷ್ಟು ಹಿಡಿದರೆ ಒರೆಸಿದರೂ ಹೋಗುವುದಿಲ್ಲ.

ಆಲೂರು_ಬೆಲ್ಟ್

ಇಷ್ಟು ವಿವರ ಕೊಟ್ಟದ್ದಕ್ಕೆ ಎಲ್ಲರಿಗೂ ಕೃತಜ್ಞ. ಕೇಬಲ್ ಬದಲಾಯಿಸಿದೆ, 5000ಎಂ ಬಂತು. ಕಾನ್ಫಿಗ್ ಸಾಲು ಹಾಕಿ, ಬಣ್ಣ ತೆಗೆದು, 848×480 15 ಫ್ರೇಮಿನಲ್ಲಿ ಒಂದು ಗಂಟೆ ಓಡಿಸಿದೆ, ಕಡಿಯಲಿಲ್ಲ. 27 ವ್ಯಾಟ್ ಅಡಾಪ್ಟರಿಗೆ ಆರ್ಡರ್ ಹಾಕಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ಇಷ್ಟು ಹತ್ತಿರದ ಕೆಲಸಕ್ಕೆ ಬೇರೆ ಕ್ಯಾಮೆರಾ ಇನ್ನೂ ಒಳ್ಳೆಯದಿತ್ತೇ? ಮತ್ತೆ, ಬೆಲ್ಟಿಗೆ ಗಡ್ಡೆ ಸುರಿಯುವ ಹಾಪರ್ ಎಷ್ಟು ತುಂಬಿದೆ ಎಂದು ನೋಡಲು ಇನ್ನೊಂದು ಡಿ435 ಇದೇ ಬೋರ್ಡಿಗೆ ಹಾಕಬಹುದೇ?

ಬೇಲೂರು_ಬಿಟ್ಸ್

ಹಾಪರಿಗೆ ಇನ್ನೊಂದು ಕ್ಯಾಮೆರಾ ದಂಡ. ವಿಎಲ್53ಎಲ್5ಸಿಎಕ್ಸ್ ಎಂಬ ಸಣ್ಣ ಸೆನ್ಸರ್ ಇದೆ, 8×8 ಚೌಕದಲ್ಲಿ 64 ಕಡೆ ದೂರ ಕೊಡುತ್ತದೆ, 4 ಮೀಟರ್ ವರೆಗೆ, ಐ2ಸಿ ತಂತಿಯಲ್ಲಿ (ಸಣ್ಣ ಸೆನ್ಸರ್‌ಗಳನ್ನು ಬೋರ್ಡಿನ ಪಿನ್ನಿಗೆ ಜೋಡಿಸುವ ತಂತಿ). ಯುಎಸ್‌ಬಿ ಮುಟ್ಟುವುದೇ ಇಲ್ಲ. ಆದರೆ ಐ2ಸಿ ಉದ್ದಕ್ಕೆ ಹೋಗುವುದಿಲ್ಲ, ಅರ್ಧ ಮೀಟರಿನೊಳಗೆ ಮುಗಿಸಿ.

ಕ್ಯಾಮೆರಾ ವಿಚಾರಕ್ಕೆ: ಇದೇ ಸಾಲಿನ ಡಿ405 ಹತ್ತಿರದ ಕೆಲಸಕ್ಕೆಂದೇ ಮಾಡಿದ್ದು, 7ರಿಂದ 50 ಸೆಂ.ಮೀ. ಅದರಲ್ಲಿ ಪ್ರೊಜೆಕ್ಟರ್ ಇಲ್ಲ, ಬೆಳಕು ನೀವೇ ಕೊಡಬೇಕು. ಕಣ್ಣುಗಳ ನಡುವೆ 18 ಮಿ.ಮೀ. ಮಾತ್ರವಾದ್ದರಿಂದ ಗಡ್ಡೆಯ ಪಕ್ಕದ ನೆರಳು ಬಹಳ ಕಿರಿದು, ಬದಲಿಗೆ ಅದೇ 35 ಸೆಂ.ಮೀ.ಗೆ ದೂರದ ತಪ್ಪು ಜಾಸ್ತಿ. ಅದನ್ನು ಹಾಕಿದರೆ ಎತ್ತರ ಇಳಿಸಬೇಕು, ಇಳಿಸಿದರೆ 45ರ ಬೆಲ್ಟ್ ಪೂರ್ತಿ ಕಾಣುವುದಿಲ್ಲ. ನಿಮ್ಮ ಅಗಲಕ್ಕೆ ಡಿ435 ಸರಿಯಿದೆ. ಓಕ್-ಡಿ ಮಾದರಿಯವು ಡೆಪ್ತ್ ಜೊತೆಗೆ ನ್ಯೂರಲ್ ನೆಟ್‌ವರ್ಕನ್ನೂ ಕ್ಯಾಮೆರಾದೊಳಗೇ ಓಡಿಸುತ್ತವೆ. ಕೊಳೆ, ಹಸಿರು ಗುರುತಿಸುವ ಹಂತಕ್ಕೆ ಬಂದಾಗ ಅವುಗಳ ಲಾಭ. ಅವು ಮೊದಲು ಯುಎಸ್‌ಬಿ 2 ಸಾಧನವಾಗಿ ಕಂಡು, ಫರ್ಮ್‌ವೇರ್ ಇಳಿದ ಮೇಲೆ ಮತ್ತೊಮ್ಮೆ ಯುಎಸ್‌ಬಿ 3 ಆಗಿ ಕೂರುತ್ತವೆ, ಆಗ ಹೆದರಬೇಡಿ. ಯಾರಾದರೂ ಹಳೆಯ ಎಕ್ಸ್‌ಬಾಕ್ಸ್ ಕಿನೆಕ್ಟ್ ಕೊಡುತ್ತೇನೆಂದರೆ ಬೇಡ ಎನ್ನಿ: 12 ವೋಲ್ಟ್ ಅಡಾಪ್ಟರ್ ಬೇರೆ ಬೇಕು, 35 ಸೆಂ.ಮೀ.ನಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ.

ಸಾಲಗಾಮೆ_ರಸ್ತೆ

ಹೊಸ ಅಡಾಪ್ಟರ್ ಬಂದ ದಿನ ಕಾನ್ಫಿಗ್‌ನ ಆ ಸಾಲು ತೆಗೆದು ರೀಬೂಟ್ ಮಾಡಿ ನೋಡಿ. ಸಾಲಿಲ್ಲದೆಯೂ ಕ್ಯಾಮೆರಾ ಓಡಿದರೆ ಅಡಾಪ್ಟರ್ ನಿಜವಾಗಿ 5 ಆಂಪಿಯರ್ ಎಂದು ಹೇಳುತ್ತಿದೆ. ಮತ್ತೆ ಓವರ್-ಕರೆಂಟ್ ಬಂದರೆ ಅಡಾಪ್ಟರನ್ನು ಹಿಂದಿರುಗಿಸಿ. ಬೆಲ್ಟ್, ಎಲ್‌ಇಡಿ, ಕ್ಯಾಮೆರಾ ಎಲ್ಲ ಆನ್ ಇಟ್ಟು ನಾಲ್ಕು ಗಂಟೆ ಓಡಿಸಿದ ಮೇಲೆ ‘ಗೆಟ್_ಥ್ರಾಟಲ್ಡ್’ ಇನ್ನೊಮ್ಮೆ ಕೊಡಿ, 0ಎಕ್ಸ್0 ಇರಬೇಕು. ಡಬ್ಬದೊಳಗೆ ‘ಮೆಷರ್_ಟೆಂಪ್’ 80 ಡಿಗ್ರಿ ಮುಟ್ಟುತ್ತಿದ್ದರೆ ಪೈ ತಾನಾಗಿ ವೇಗ ಇಳಿಸುತ್ತದೆ. ಫ್ಯಾನ್ ಇರುವ ಕೂಲರ್ ಹಾಕಿ, ಆದರೆ ಗಾಳಿ ಒಳಗೆಳೆಯುವ ಬಾಯಿಗೆ ಸ್ಪಂಜಿನ ಫಿಲ್ಟರ್ ಇರಲಿ, ಆಲೂಗಡ್ಡೆಯ ಮಣ್ಣು ನಯವಾದ ಧೂಳು.